ವಠಾರದಲ್ಲಿ ಲೂಯಿ ರಾಜನ ಉಪಾಯ

ಮಲ್ಲೇಶ್ವರದ ಅಡ್ಡರಸ್ತೆಗಳಲ್ಲಿ ಇನ್ನೂ ವಠಾರಗಳು ಉಳಿದಿದ್ದ ಕಾಲ ಅದು. ತೊಂಬತ್ತರ ದಶಕದ ನಡುವೆ ನಾವು ಅಂಥದೊಂದಕ್ಕೆ ಬಾಡಿಗೆಗೆ ಬಂದೆವು. ಎದುರುಬದುರು ಆರು ಮನೆ, ನಡುವೆ ಅಂಗಳ, ಎಲ್ಲರಿಗೂ ಒಂದೇ ನಲ್ಲಿ. ನನಗೆ ಹತ್ತು ವರ್ಷ. ಅಮ್ಮ ಆಫೀಸಿಗೆ, ಅಪ್ಪ ಪರೀಕ್ಷೆಯ ಪೇಪರು ತಿದ್ದಲು ಹೊರಟರೆ ಬೇಸಿಗೆ ರಜೆಯಿಡೀ ನಾನೊಬ್ಬಳೇ. ಕೊರಳಲ್ಲಿ ಬೀಗದ ಕೈ, ಡಬ್ಬಿಯಲ್ಲಿ ಆರಿದ ಚಿತ್ರಾನ್ನ. ಅಂಗಳದಲ್ಲಿ ಮಕ್ಕಳು ಕುಂಟಾಬಿಲ್ಲೆ ಆಡುವ ಸದ್ದು ಕೇಳುತ್ತಿತ್ತು. ಹೊಸಬಳನ್ನು ಯಾರೂ ಕರೆಯುತ್ತಿರಲಿಲ್ಲ, ನಾನಾಗಿ ಹೋಗಲು ಬಿಗುಮಾನ.

ಕರೆದವಳು ಎದುರು ಮನೆಯ ಗಿರಿಜಾ ಒಬ್ಬಳೇ. ಅವಳ ಅಮ್ಮ ಎಂಟನೇ ಕ್ರಾಸಿನಲ್ಲಿ ಹೂ ಮಾರುತ್ತಿದ್ದರು. ಗಿರಿಜಾಳ ಬೆರಳುಗಳಿಗೆ ಯಾವಾಗಲೂ ಮಲ್ಲಿಗೆಯ ವಾಸನೆ.

"ಒಬ್ಳೇ ಏನ್ ಮಾಡ್ತೀಯೇ ಒಳಗೆ? ನಮ್ಮನೇಗ್ ಬಾ, ಹೂ ಕಟ್ಟೋದು ಹೇಳ್ಕೊಡ್ತೀನಿ" ಅಂದಳು ನಲ್ಲಿಯ ಹತ್ತಿರ. ಹೂಂ ಅಂದೆ. ಹೋಗಲಿಲ್ಲ.

ಅಪ್ಪ ಹೈಸ್ಕೂಲಿನಲ್ಲಿ ಸಮಾಜದ ಮೇಷ್ಟ್ರು. ಸಂಜೆ ಜಗಲಿಯಲ್ಲಿ ಟ್ಯೂಷನ್. ಒಂದು ದಿನ ಫ್ರಾನ್ಸಿನ ಹದಿನಾಲ್ಕನೇ ಲೂಯಿಯ ಪಾಠ ನಡೆದಿತ್ತು. "ಸರದಾರರು ಕೊಬ್ಬಿದ್ರು ಕಣ್ರೋ. ಅವನು ಏನ್ ಮಾಡ್ದ? ಊರಾಚೆ ಅರಮನೆ ಕಟ್ಟಿ, ಎಲ್ರೂ ಇಲ್ಲೇ ಬನ್ನಿ ಅಂದ. ಬೆಳಿಗ್ಗೆ ಅವನಿಗೆ ಅಂಗಿ ಎತ್ಕೊಡೋದೇ ದೊಡ್ಡ ಮರ್ಯಾದೆ ಅನ್ನೋ ಹಾಗ್ ಮಾಡ್ದ. ಬರದೇ ಇದ್ದೋರನ್ನ ಕೇಳೋರೇ ಇಲ್ಲ!"

ಒಳಗಿದ್ದ ನನ್ನ ತಲೆಯಲ್ಲಿ ಹುಳ ಬಿಟ್ಟಂತಾಯಿತು. ಇಡೀ ವಠಾರದಲ್ಲಿ ಕೇರಂ ಬೋರ್ಡು ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ.

ಮರುದಿನವೇ ಅರಮನೆ ತೆರೆದೆ. ಪೌಡರು ಹಾಕುವುದು ಪಕ್ಕದ ಮನೆಯ ರವಿ, ಬಾಗಿಲು ಕಾಯುವುದು ಮೂಲೆಮನೆಯ ಲತಾ. ಸ್ಟ್ರೈಕರನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಒಪ್ಪಿಸುವ ಪದವಿಗಂತೂ ದಿನಾ ಜಗಳ. ಒಂಬತ್ತಕ್ಕೆ ಹಾಜರಿ, ತಪ್ಪಿದರೆ ಪದವಿ ಹೋಯಿತು. ವಾರದೊಳಗೆ ಅಂಗಳ ಬಿಕೋ ಅನ್ನತೊಡಗಿತು, ನಮ್ಮ ಮನೆ ತುಂಬಿತು. ಆದರೂ ನಿಜ ಹೇಳುತ್ತೇನೆ, ಆ ಗದ್ದಲದ ನಡುವೆಯೂ ನಾನು ಒಂಟಿಯೇ. ನನ್ನೆದುರು ಎಲ್ಲರೂ ಬೇಕೆಂದೇ ಸೋಲುತ್ತಿದ್ದರು.

ನನಗೆ ಬೇಕಾಗಿದ್ದ ಗಿರಿಜಾ ಮಾತ್ರ ಬರಲಿಲ್ಲ. ಲತಾಳನ್ನು ಕಳಿಸಿ ಹೇಳಿಸಿದೆ. ಬಾಗಿಲಿಗೆ ಬಂದು ನಿಂತಳು.

"ಬೆಳಿಗ್ಗೆ ಹೂ ಕಟ್ಟೋದಿರುತ್ತೆ ಕಣೇ. ನೀನೇ ಬಾ."

"ರಾಣಿ ಯಾರ್ ಮನೇಗೂ ಹೋಗಲ್ಲ" ಅಂದೆ.

ನಕ್ಕುಬಿಟ್ಟಳು, ಎಲ್ಲರ ಎದುರೇ. ನನಗೆ ಮೈಯೆಲ್ಲ ಉರಿಯಿತು. ಅವಳು ಹೋದ ಮೇಲೆ ಅಪ್ಪಣೆ ಹೊರಡಿಸಿದೆ: "ಇನ್ಮೇಲೆ ಅವಳನ್ನ ಒಳಗ್ ಬಿಡಬಾರ್ದು. ಅವಳ ಹೆಸರೂ ಯಾರೂ ಎತ್ತಬಾರ್ದು. ಎತ್ತಿದ್ರೆ ಕೇರಂ ಇಲ್ಲ."

ಎರಡು ವಾರ ಬಿಗಿದುಕೊಂಡಿದ್ದೆ. ಆಡುವಾಗಲೂ ಮನಸ್ಸು ಎದುರು ಮನೆಯ ಕಡೆಗೇ. ಕೊನೆಗೆ ಒಂದು ಸೋಮವಾರ ಮಧ್ಯಾಹ್ನ ತಡೆಯಲಾರದೆ ಎದ್ದು ಎದುರು ಮನೆಗೆ ಹೋದೆ. ಬೀಗ ಹಾಕಿತ್ತು. ಕಿಟಕಿಯಲ್ಲಿ ಇಣುಕಿದರೆ ಒಳಗೆ ಒಂದು ಸಾಮಾನೂ ಇಲ್ಲ.

"ನಿನ್ನೆ ನೀನು ಅಜ್ಜಿ ಮನೇಗ್ ಹೋಗಿದ್ಯಲ್ಲ, ಆಗ್ಲೇ ಖಾಲಿ ಮಾಡ್ಕೊಂಡ್ ಹೋದ್ರು. ಓಕಳಿಪುರದ ಕಡೆ ಅಂತೆ" ಅಂದ ರವಿ.

"ನಂಗ್ಯಾಕೋ ಹೇಳ್ಲಿಲ್ಲ?"

"ನೀನೇ ಹೆಸರೆತ್ತಬಾರ್ದು ಅಂದಿದ್ಯಲ್ಲ? ಶನಿವಾರ ಹೇಳೋಕೆ ಬಂದಿದ್ಳು. ಲತಾ ಒಳಗ್ ಬಿಡ್ಲಿಲ್ಲ."

ಅವನ ಮಾತಿನಲ್ಲಿ ಕುಚೋದ್ಯವಿರಲಿಲ್ಲ, ಹೇಳಿದಂತೆ ಕೇಳಿದ ಹೆಮ್ಮೆಯಿತ್ತು. ಶನಿವಾರ ನಾನು ಒಳಗೇ ಇದ್ದೆ, ಸ್ಟ್ರೈಕರಿಗಾಗಿ ಕೈ ಚಾಚಿಕೊಂಡು. ಅಂದೇ ಬೋರ್ಡನ್ನು ಗೋಡೆಗೆ ಒರಗಿಸಿಟ್ಟು, ಎಲ್ಲರನ್ನೂ ಕಳಿಸಿ, ಬಾಗಿಲು ಹಾಕಿಕೊಂಡು ಅತ್ತೆ.

ಆ ವಠಾರ ಕೆಡವಿ ಎಷ್ಟೋ ವರ್ಷಗಳಾದವು. ಈಗ ನಾನಿರುವ ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್ ಫೋನು ಮಾಡಿ ಕೇಳದೆ ಯಾರನ್ನೂ ಬಿಡುವುದಿಲ್ಲ, ಬರುವವರೂ ಕಡಿಮೆ. ಅಂಗಳ ಹೋಯಿತು, ನಲ್ಲಿಯ ಜಗಳ ಹೋಯಿತು ಎಂದು ಎಲ್ಲರಂತೆ ನಾನೂ ಹಳಹಳಿಸುತ್ತೇನೆ. ಅವನ್ನೆಲ್ಲ ಕಾಲ ಕಿತ್ತುಕೊಂಡಿತು, ಒಪ್ಪಿದೆ. ಗಿರಿಜಾಳ ಹೊಸ್ತಿಲು ಮಾತ್ರ ನಮ್ಮ ಮನೆಯಿಂದ ಹತ್ತೇ ಹೆಜ್ಜೆಯಿತ್ತು. ಅವಳು ಅಲ್ಲಿದ್ದಷ್ಟು ದಿನ ನಾನು ಒಮ್ಮೆಯೂ ಹೋಗಲಿಲ್ಲ.