ರವೀಂದ್ರನಗರದ ಎರಡು ಬಕೆಟ್‌ಗಳು

೨೦೦೨ನೇ ಇಸವಿ. ಶಿವಮೊಗ್ಗದಲ್ಲಿ ಕಸ ವಿಲೇವಾರಿಯ ಹೊಣೆ ಹೊತ್ತ ಪರಿಸರ ಎಂಜಿನಿಯರ್ ಆಗಿ ನಾನು ಕೆಲಸ ಮಾಡುತ್ತಿದ್ದೆ. ಮನೆಯಲ್ಲೇ ಹಸಿ ಕಸ, ಒಣ ಕಸ ಬೇರೆ ಮಾಡಿಸಿ, ಹಸಿಯದನ್ನು ಗೊಬ್ಬರ ಮಾಡುವ ಯೋಜನೆ ಆಗಷ್ಟೇ ಬಂದಿತ್ತು. ಪ್ರಯೋಗಕ್ಕೆ ರವೀಂದ್ರನಗರವನ್ನು ನಾನೇ ಆರಿಸಿದೆ. ಓದಿದವರ ಬಡಾವಣೆ, ಹೇಳಿದರೆ ಕೇಳುತ್ತಾರೆ ಎಂಬ ಲೆಕ್ಕಾಚಾರ. ಕೇಳಿದರು, ಸುಳ್ಳೇಕೆ ಹೇಳಲಿ. ಮನೆಮನೆಗೂ ಹಸಿರು ಬಕೆಟ್ ಹಂಚಿದ ದಿನ ಕಾಫಿ ಕುಡಿದು ಕುಡಿದೇ ನನಗೆ ಸಾಕಾಗಿತ್ತು.

ಕಸ ಸಂಗ್ರಹಕ್ಕೆ ಮಹಿಳೆಯರ ಒಂದು ತಂಡ ಕಟ್ಟಿದ್ದೆವು. ಅದರ ಮುಂದಾಳು ಭದ್ರಾವತಿಯ ಸೆಲ್ವಿ. ಗಂಡನಿಗೆ ಗುತ್ತಿಗೆ ಕೆಲಸ ತಪ್ಪಿದ ಮೇಲೆ ಮನೆ ನಡೆಯುತ್ತಿದ್ದುದು ಈಕೆಯ ಸಂಬಳದಿಂದ. ಬೆಳಗಿನ ಮೊದಲ ಬಸ್ಸಿಗೆ ಬಂದು, ತಳ್ಳುಗಾಡಿ ಹಿಡಿದು, ಸೀಟಿ ಊದುತ್ತ ಬೀದಿ ಸುತ್ತುತ್ತಿದ್ದರು. ಪ್ರಯೋಗ ಗೆದ್ದರೆ ತಂಡ ಮುಂದುವರಿಯುತ್ತದೆ, ಸೋತರೆ ಎಲ್ಲರೂ ಮನೆಗೆ ಎಂದು ಮೇಲಧಿಕಾರಿಗಳು ಮೊದಲೇ ಹೇಳಿದ್ದರು. ಮಳೆಗಾಲಕ್ಕೆ ಮುಂಚೆ ಗೊಬ್ಬರ ಕಣ್ಣಿಗೆ ಕಾಣಬೇಕಿತ್ತು.

ಆಯನೂರು ರಸ್ತೆಯ ಕಡೆ ಸಿಕ್ಕ ಜಾಗದಲ್ಲಿ ವಿಂಡ್ರೋ ಹಾಕಿದ್ದೆವು. ಅಂದರೆ ಕಸವನ್ನು ಉದ್ದನೆಯ ದಿಣ್ಣೆಯಾಗಿ ಪೇರಿಸುವುದು. ಒಳಗೆ ಸೂಕ್ಷ್ಮಜೀವಿಗಳು ಕೆಲಸ ಶುರು ಮಾಡಿದರೆ ದಿಣ್ಣೆ ಕೈ ಇಡಲಾಗದಷ್ಟು ಬಿಸಿಯಾಗಬೇಕು. ನಮ್ಮದು ತಣ್ಣಗೆ ಮಲಗಿತ್ತು. ಕೆದಕಿ ನೋಡಿದರೆ ಈರುಳ್ಳಿ ಸಿಪ್ಪೆ, ಹಿಂಡಿದ ನಿಂಬೆಹೋಳು, ತೆಂಗಿನ ನಾರು, ಅಂಗಳ ಗುಡಿಸಿದ ಒಣ ಎಲೆ. ಬಾಳೆಹಣ್ಣಿನ ಸಿಪ್ಪೆ ಇಲ್ಲ, ಸೊಪ್ಪಿನ ದಂಟಿಲ್ಲ, ಒಂದಗುಳು ಅನ್ನವೂ ಇಲ್ಲ. ಬಡಾವಣೆಯವರು ಊಟ ಮಾಡುವುದನ್ನೇ ಬಿಟ್ಟರೇನು ಎಂದು ನನಗೆ ಸಿಟ್ಟೇ ಬಂತು.

ಮರುದಿನ ಸೆಲ್ವಿಯ ಗಾಡಿಯ ಹಿಂದೆ ನಾನೂ ನಡೆದೆ. ಗುಟ್ಟೇನೂ ಇರಲಿಲ್ಲ. ನಮ್ಮ ಹಸಿರು ಬಕೆಟ್ ಗೇಟಿನ ಹತ್ತಿರವಿತ್ತು. ಹಿಂಬಾಗಿಲಲ್ಲಿ ಕಲಗಚ್ಚಿನ ಹಳೇ ಬಕೆಟ್ ಇತ್ತು. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಮಿಕ್ಕ ಅನ್ನ ಎಲ್ಲವೂ ಅದಕ್ಕೆ. ಕೊನೆಯ ಅಡ್ಡರಸ್ತೆಯ ರತ್ನಮ್ಮ ದಿನವೂ ಬಂದು ಅದನ್ನು ತಮ್ಮ ಹಸುಗಳಿಗೆ ಒಯ್ಯುತ್ತಿದ್ದರು. ಹಸು ಮೂಸಿ ಬಿಡುವಂಥದ್ದು ಮಾತ್ರ ಸರ್ಕಾರದ ಪಾಲು. ಮೇಷ್ಟರೊಬ್ಬರ ಹೆಂಡತಿಯನ್ನು ಕೇಳಿದೆ. ಹಸುವಿನ ಬಾಯಿಂದ ಕಿತ್ತು ಕಸದ ಗಾಡಿಗೆ ಸುರಿಯಲು ತಮಗೆ ಮನಸ್ಸು ಬರುವುದಿಲ್ಲ ಎಂದು ನಯವಾಗಿಯೇ ಹೇಳಿದರು.

ಕಚೇರಿಯವರಿಗೆ ಪರಿಹಾರ ಸುಲಭವಾಗಿ ಕಂಡಿತು. ರತ್ನಮ್ಮ ತಿಪ್ಪೆ ಹಾಕುತ್ತಿದ್ದ ಪಕ್ಕದ ಖಾಲಿ ಸೈಟಿನಲ್ಲಿ ಹೊಸ ಮನೆ ಎದ್ದಿತ್ತು. ಸಗಣಿ ವಾಸನೆ ತಡೆಯಲಾಗದು ಎಂದು ಆ ಮನೆಯವರು ದೂರು ಕೊಟ್ಟಿದ್ದರು. ಆ ದೂರಿನ ಮೇಲೆ ಹಸುಗಳನ್ನು ಬಡಾವಣೆಯಿಂದ ಕಳಿಸಿಬಿಟ್ಟರೆ ಕಲಗಚ್ಚೆಲ್ಲ ತಾನಾಗಿ ನಮ್ಮ ಬಕೆಟ್ಟಿಗೆ ಬೀಳುತ್ತದೆ ಎಂದರು ಮೇಲಧಿಕಾರಿಗಳು. ನೋಟಿಸ್ ಸಿದ್ಧವಾಯಿತು. ಕೊಡಲು ನಾನು ಹೊರಟೆ. ಮನೆ ತೋರಿಸಲು ಸೆಲ್ವಿ ಬಂದರು. ರತ್ನಮ್ಮ ಒಂಟಿ ಹೆಂಗಸು, ಹಾಲು ಮಾರಿಯೇ ಬದುಕುವವರು ಎಂಬುದು ಅವರಿಗೆ ಗೊತ್ತಿತ್ತು. ಹಸುಗಳು ಹೋದರೆ ರತ್ನಮ್ಮನ ಅನ್ನ ಹೋಗುತ್ತಿತ್ತು, ಉಳಿದರೆ ಸೆಲ್ವಿಯದು.

ರತ್ನಮ್ಮ ಕೊಟ್ಟಿಗೆ ಗುಡಿಸುತ್ತಿದ್ದರು. ನಾನು ಗಂಟಲು ಸರಿಮಾಡಿಕೊಂಡು, ಗೊಬ್ಬರದ ಮಹತ್ವದಿಂದ ಶುರು ಮಾಡಿ, ತರಕಾರಿ ಸಿಪ್ಪೆ ನಮಗೆ ಬೇಕು ಎಂಬಲ್ಲಿಗೆ ಬಂದೆ. ಅವರು ಪೊರಕೆ ಕೆಳಗಿಡಲಿಲ್ಲ.

“ಸಿಪ್ಪೆ ಬೇಕು ಅಂತ ಮನೆ ಬಾಗ್ಲಿಗೇ ಬರ್ತೀರಿ. ಅದನ್ನ ತಿಂದು ಹಾಕೋ ಸಗಣಿ ಎಲ್ಲಿ ಹಾಕ್ತೀಯ ಅಂತ ಯಾರಾದ್ರೂ ಕೇಳಿದ್ರಾ ಮಾರಾಯ್ರೆ?”

ನಾನು ಸೆಲ್ವಿಯ ಮುಖ ನೋಡಿದೆ, ಸೆಲ್ವಿ ನನ್ನ ಮುಖ ನೋಡಿದರು. ನಮ್ಮ ಒಣ ದಿಣ್ಣೆಗೆ ಬೇಕಿದ್ದ ತೇವ, ಸಾರಜನಕ, ಜೀವಾಣು ಎಲ್ಲವೂ ಕೊಟ್ಟಿಗೆಯ ಮೂಲೆಯಲ್ಲಿ ರಾಶಿ ಬಿದ್ದಿತ್ತು. ಕಲಗಚ್ಚು ನಮಗೆ ತಲುಪುವ ದಾರಿ ಸ್ವಲ್ಪ ಸುತ್ತಾಗಿತ್ತು, ಅಷ್ಟೇ. ನೋಟಿಸ್ ಜೇಬಿನಿಂದ ಹೊರಗೆ ಬರಲಿಲ್ಲ.

“ಸಿಪ್ಪೆ ನಿಮ್ಮ ಹಸುಗೇ ಇರ್ಲಿ ಅಕ್ಕ,” ಎಂದರು ಸೆಲ್ವಿ. “ಸಗಣಿ ನಾನು ದಿನಾ ಬಂದು ತಗೊಂಡ್ಹೋಗ್ತೀನಿ.”

ಸಗಣಿಯನ್ನು ನೀರಲ್ಲಿ ಕಲಸಿ ಪದರ ಪದರವಾಗಿ ಹಾಕಿದೆವು. ಒಂದು ವಾರ ಕಳೆಯುವುದರೊಳಗೆ ದಿಣ್ಣೆಯಿಂದ ಬೆಳಗಿನ ಚಳಿಗೆ ಹಬೆ ಏಳತೊಡಗಿತು. ಪರಿಶೀಲನೆಗೆ ಬಂದ ಮೇಲಧಿಕಾರಿಗಳು ಒಳಗೆ ಕೈ ತೂರಿಸಿ ಥಟ್ಟನೆ ಎಳೆದುಕೊಂಡರು. ಹಸಿ ಕಸ ಕೊನೆಗೂ ಬಂತಲ್ಲ ಎಂದರು. ರವೀಂದ್ರನಗರದ್ದೇ, ಹಸುವಿನ ಹೊಟ್ಟೆ ಹಾದು ಬಂದಿದೆ ಎಂದು ಇದ್ದದ್ದನ್ನು ಹೇಳಿದೆ. ಅವರು ಮೊದಲು ಮುಖ ಗಂಟಿಕ್ಕಿದರು, ಆಮೇಲೆ ಹೊಟ್ಟೆ ಹಿಡಿದು ನಕ್ಕರು. ತಂಡ ಉಳಿಯಿತು. ಕೊಟ್ಟಿಗೆಯ ಸಗಣಿ ರಾಶಿ ಖಾಲಿಯಾದ ಮೇಲೆ ಪಕ್ಕದ ಮನೆಯವರು ರತ್ನಮ್ಮನ ಹತ್ತಿರವೇ ದಿನವೂ ಹಾಲು ಕೊಳ್ಳುವ ವರ್ತನೆ ಮಾಡಿಕೊಂಡರು.

ಜನರ ಮನೆಗೆ ಹೊಸ ಬಕೆಟ್ ಒಯ್ಯುವ ಮೊದಲು, ಅಲ್ಲಿನ ಹಳೇ ಬಕೆಟ್ ಎಲ್ಲಿಗೆ ಹೋಗುತ್ತದೆ ಎಂದು ಕೇಳಬೇಕು. ನೌಕರಿ ನನಗೆ ಕಲಿಸಿದ್ದು ಇದನ್ನೇ. ಕಲಿಸಿದವರು ರತ್ನಮ್ಮ. ಆ ದಿನ ಅವರು ಸುಮ್ಮನೆ ತಲೆ ತಗ್ಗಿಸಿ ನಿಂತಿದ್ದರೆ ನಾನು ನೋಟಿಸ್ ಕೊಟ್ಟು ಬಂದುಬಿಡುತ್ತಿದ್ದೆ. ಪೊರಕೆ ಹಿಡಿದು ದಬಾಯಿಸಿದ್ದಕ್ಕೆ ಇವತ್ತಿಗೂ ಅವರಿಗೆ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ನಾನು ನಿವೃತ್ತನಾದಾಗ ಸೆಲ್ವಿ ಭದ್ರಾವತಿಯಿಂದ ಒಂದು ಚೀಲ ಗೊಬ್ಬರ ಹೊತ್ತು ಮನೆಗೆ ಬಂದರು. ಕೆಲಸ ಉಳಿಸಿದವನು ನಾನೆಂದು ಧನ್ಯವಾದ ಹೇಳಲು ಬಂದಿದ್ದಾರೆ ಎಂದುಕೊಂಡೆ. ಅವರು ಹೇಳಿದ್ದು ಬೇರೆ.

“ಅವತ್ತು ನೋಟಿಸ್ ಕೊಟ್ಟಿದ್ರೂ ನನ್ನ ಕೆಲಸ ಉಳೀತಿತ್ತು ಸರ್. ಆದ್ರೆ ಆ ಅಕ್ಕನ ಮನೆ ಮುಂದೆ ದಿನಾ ಸೀಟಿ ಊದೋಕೆ ನಂಗೆ ಉಸಿರು ಬರ್ತಿರ್ಲಿಲ್ಲ.”