ಕೊನೆಬೀದಿಯಲ್ಲಿ ತುಂಬದ ಬಾಟಲಿ

ನೀರು ಬಿಡುವವನಿಗೆ ಜನ ಇಟ್ಟ ಹೆಸರು ಕಿವಿಯಣ್ಣ. ಉದ್ದನೆಯ ಕಬ್ಬಿಣದ ಕೀಲಿಯನ್ನು ವಾಲ್ವಿನ ಗುಂಡಿಗೆ ಇಳಿಸಿ ಅದರ ಹಿಡಿಗೆ ಕಿವಿ ಹಚ್ಚಿದನೆಂದರೆ, ನೀರು ಯಾವ ತಿರುವು ದಾಟಿತು, ಯಾರ ಮನೆ ಮುಂದೆ ಸೋರುತ್ತಿದೆ ಎಂದು ಹೇಳಿಬಿಡುತ್ತಿದ್ದ.

"ನಮ್ಮನೆ ಗುಟ್ಟೂ ಕೇಳಿಸುತ್ತೇನಣ್ಣಾ?" ಎಂದು ಹೆಂಗಸರು ಛೇಡಿಸಿದರೆ, "ನಿಮ್ಮನೆ ಗುಟ್ಟಿಗೆ ಕೀಲಿ ಯಾಕಮ್ಮ, ಬೀದಿಗೆಲ್ಲ ಕೇಳುತ್ತೆ" ಎನ್ನುತ್ತಿದ್ದ.

ಈಗ ಅವನ ನಾಲ್ಕು ವರ್ಷದ ಮೊಮ್ಮಗಳು ಆಸ್ಪತ್ರೆಯಲ್ಲಿದ್ದಾಳೆ. ವಾಂತಿಭೇದಿ. ಕಣ್ಣು ಗುಳಿಬಿದ್ದು, ಕೈಗೆ ಡ್ರಿಪ್ ಚುಚ್ಚಿಸಿಕೊಂಡು, ಅಳುವುದಕ್ಕೂ ತ್ರಾಣವಿಲ್ಲದೆ ಮಲಗಿದ್ದಾಳೆ. ಕೊನೆಬೀದಿಯ ಇನ್ನೂ ಹನ್ನೊಂದು ಮಕ್ಕಳು ಅದೇ ವಾರ್ಡಿನಲ್ಲಿ, ಮಂಚಕ್ಕಿಬ್ಬರಂತೆ.

ಕಾರಣ ಕಿವಿಯಣ್ಣನಿಗೆ ಗೊತ್ತು. ಕೊನೆಬೀದಿಯ ಪೈಪು ಚರಂಡಿಯೊಳಗೇ ಹಾದುಹೋಗಿದೆ, ಅದರ ಜಾಯಿಂಟು ಬಿರುಕು ಬಿಟ್ಟಿದೆ. ನೀರು ನಿಲ್ಲಿಸಿದ ಮೇಲೆ ಪೈಪು ಸೊರ್ರೆಂದು ಕೊಚ್ಚೆ ಹೀರುವ ಸದ್ದನ್ನು ಅವನು ಎರಡು ತಿಂಗಳಿಂದ ಕೇಳುತ್ತಿದ್ದಾನೆ. ಆಫೀಸಿನಲ್ಲಿ ಹೇಳಿದ್ದ ಕೂಡ. ಬಾಯಿಮಾತು ಯಾರ ಫೈಲಿಗೆ ಸೇರುತ್ತದೆ?

ಮೊಮ್ಮಗಳು ಮಲಗಿದ ದಿನ ಅವನು ಆಫೀಸಿಗೆ ಓಡಿದ. "ಸಾರ್, ಇವತ್ತೇ ಅಗೆಸಿ ಸಾರ್."

ಇಂಜಿನಿಯರ್ ಫೈಲು ತೆಗೆದು ಮುಂದಿಟ್ಟ. "ನೋಡಪ್ಪಾ. ಪ್ರತಿ ತಿಂಗಳೂ 'ಕುಡಿಯಲು ಯೋಗ್ಯ' ಅಂತ ಲ್ಯಾಬಿನವರೇ ಬರೆದಿದಾರೆ. ಬಾಟಲಿ ತುಂಬಿಸಿದ್ದು ಯಾರು?"

"ನಾನೇ ಸಾರ್."

"ಮತ್ತೆ?"

ಪರೀಕ್ಷೆಯ ಬಾಟಲಿಯನ್ನು ಕೊನೆಬೀದಿಯ ಕೊನೇ ನಲ್ಲಿಯಲ್ಲಿ ತುಂಬಿಸಬೇಕೆಂಬುದು ನಿಯಮ. ಕೆಲಸಕ್ಕೆ ಸೇರಿದ ವರ್ಷ ಅವನು ಹಾಗೇ ತುಂಬಿಸಿದ್ದ. ವರದಿ ಕೆಟ್ಟದಾಗಿ ಬಂದು, ಹಿಂದಿನ ಸಾಹೇಬರು ಕುಣಿದಾಡಿದ್ದರು: "ಟ್ಯಾಂಕಿನ ಬುಡದ ನಲ್ಲೀಲಿ ಹಿಡಿಯೋ ಮಹರಾಯ! ಯಾಕೆ ನನ್ನ ತಲೆ ತಿಂತೀಯ?" ಅಂದಿನಿಂದ ಎಂಟು ವರ್ಷ ಟ್ಯಾಂಕಿನ ಬುಡವೇ. ವರದಿ ಚೆನ್ನಾಗಿ ಬಂದರೆ ಎಲ್ಲರಿಗೂ ಕ್ಷೇಮ, ಕುಡಿಯುವವರನ್ನು ಬಿಟ್ಟು.

"ನಾನು ಮೋಸ ಮಾಡಿದೆ ಸಾರ್. ಬರೆದುಕೊಡ್ತೀನಿ."

"ಬರೆದುಕೊಡು. ಮೊದಲು ನಿನ್ನ ಕೆಲಸ ಹೋಗುತ್ತೆ. ಆಮೇಲೆ ಹೊಸ ಬಾಟಲಿ. ವರದಿಗೆ ಹತ್ತು ದಿನ. ಅಗೆಯೋದೆಲ್ಲ ಅದಾದ ಮೇಲಿನ ಮಾತು."

ಅವನು ಬರೆದುಕೊಟ್ಟ. ಬಂದವನೇ ಕೊನೆಬೀದಿಯ ವಾಲ್ವನ್ನು ಬಿಗಿಯಾಗಿ ಮುಚ್ಚಿ, ಕೀಲಿಯನ್ನು ಮನೆಗೊಯ್ದ. ಟ್ಯಾಂಕರ್ ಕಳಿಸಿರೆಂದು ಮೂರು ಸಲ ಫೋನು ಮಾಡಿದ. ಬರಲಿಲ್ಲ.

ಮೂರನೇ ದಿನ ಬೆಳಗ್ಗೆ ಬೀದಿಗೆ ಬೀದಿಯೇ ಅವನನ್ನು ಕೀಲಿ ಸಮೇತ ವಾಲ್ವಿನ ಬಳಿಗೆ ಎಳೆದುತಂದಿತು. "ಯಾರಪ್ಪನ ಮನೆ ನೀರೋ ಇದು?" ಎಂದು ಒಬ್ಬ ಅಂಗಿ ಹಿಡಿದ. ಆಸ್ಪತ್ರೆಯಿಂದ ನೇರ ಬಂದ ಅವನ ಮಗಳು, ಮಗುವಿನ ತಾಯಿ, ಖಾಲಿ ಕೊಡ ಹಿಡಿದು ಮುಂದೆ ನಿಂತಳು.

"ಬಿಡಪ್ಪಾ."

"ಬೇಡವ್ವ. ಅದು ವಿಷ."

"ನನ್ನ ಚಿಕ್ಕೋನು ನಿನ್ನೆ ಚರಂಡಿ ಪಕ್ಕದ ಗುಂಡೀಲಿ ಬೊಗಸೆ ತುಂಬಿ ಕುಡೀತಿದ್ದ. ಅದು ಅಮೃತಾನಾ?"

ಅವನು ವಾಲ್ವಿನ ಮುಂದೆ ಕುಕ್ಕರಿಸಿದ. ಕೀಲಿ ಇಳಿಸಿದ. ಅಭ್ಯಾಸಬಲದಿಂದ ಹಿಡಿಗೆ ಕಿವಿ ಹಚ್ಚಿದ. ಕೆಳಗೆ ಗುಳುಗುಳು ಸದ್ದು. ಮುಚ್ಚಿದ ಪೈಪಿನೊಳಗೆ ಕೊಚ್ಚೆ ಸೇರುತ್ತಿತ್ತು. ನೀರು ಹರಿಯುವಾಗ ಅದರ ಒತ್ತಡ ಕೊಚ್ಚೆಯನ್ನು ಹೊರಗೇ ತಡೆಯುತ್ತದೆ. ಹೀರುವುದು ಖಾಲಿ ಪೈಪು. ಇದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮಗುವಿನ ಮುಖ ಕಂಡು ಕಸುಬೇ ಮರೆತುಹೋಗಿತ್ತು. ಎರಡು ದಿನ ಅವನೇ ಚರಂಡಿಗೆ ಪೈಪು ಬಿಟ್ಟುಕೊಟ್ಟಿದ್ದ.

"ತಡೀರಿ, ಇದನ್ನ..." ಎನ್ನುವಷ್ಟರಲ್ಲಿ ನಾಲ್ಕಾರು ಕೈಗಳು ಕೀಲಿ ತಿರುಗಿಸಿದ್ದವು.

"ಮೊದಲ ನೀರು ಚೆಲ್ಲಿ! ಅರ್ಧ ಗಂಟೆ ಚೆಲ್ಲಿಬಿಡಿ!" ಎಂದು ಕೂಗುತ್ತ ಕಿವಿಯಣ್ಣ ಜನರ ಹಿಂದೆ ಓಡಿದ. ಮೊದಲ ನಲ್ಲಿಯಲ್ಲೇ ಮಗಳ ಕೊಡ ತುಂಬುತ್ತಿತ್ತು.

"ಚೆಲ್ಲವ್ವಾ, ನಿನ್ನ ಕಾಲಿಗೆ ಬೀಳ್ತೀನಿ."

ಮಗಳು ಅವನ ಮುಖ ನೋಡಿದಳು. "ಎರಡು ದಿನ ಆದ್ಮೇಲೆ ಸಿಕ್ಕಿದೆ. ಚೆಲ್ಲು ಅಂತೀಯಲ್ಲಪ್ಪಾ?"

ಕೊಡವನ್ನು ಸೊಂಟಕ್ಕೇರಿಸಿ, ಚಿಕ್ಕವನನ್ನು ಕೂಗುತ್ತ ಮನೆಯೊಳಗೆ ನಡೆದಳು.