ಅಂಬಾಜಿದುರ್ಗದ ನೀರು

ಇದು ಹೀಗೆಯೇ ನಡೆಯಿತೆಂದು ಪ್ರಮಾಣ ಮಾಡಲಾರೆ. ಮಾಕಳಿ ಬೇರಿನ ಉಪ್ಪಿನಕಾಯಿ ಜಾಡಿ ತೆರೆದರೆ ತಿಗಣೆಯ ವಾಸನೆ ಎಂದು ನನ್ನ ಹೆಂಡತಿ ದೂರ ಸರಿಯುತ್ತಾಳೆ. ನನಗೆ ಅದು ಬಿಸಿಲಿಗೆ ಕಾದ ಬಂಡೆಯ ವಾಸನೆ. ಅದರ ಹಿಂದೆಯೇ ಅಂಬಾಜಿದುರ್ಗದ ಬೆಟ್ಟದ ಒಂದು ಮಧ್ಯಾಹ್ನ ಬರುತ್ತದೆ. ಆಗ ನನಗೆ ಏಳೋ ಎಂಟೋ ವರ್ಷ. ಪುರಾವೆಯಿಲ್ಲದ್ದನ್ನು ನಂಬಬೇಡವೆಂದು ವಿಶ್ವವಿದ್ಯಾಲಯದಲ್ಲಿ ಕಲಿತ ಮೇಲೆ ನಾನು ಮೊದಲು ಅನುಮಾನಿಸಿದ್ದು ನನ್ನ ನೆನಪನ್ನೇ.

ಚಿಂತಾಮಣಿ ಹತ್ತಿರದ ನಮ್ಮ ಹಳೆಯ ಮನೆ ಇದ್ದ ಜಾಗದಲ್ಲಿ ಈಗ ಟೊಮೆಟೊ ಮಂಡಿಯಿದೆ. ಆ ಮನೆಯ ಹಿತ್ತಿಲ ಬಾಗಿಲಿಗೆ ಪ್ರತಿ ಬೇಸಿಗೆಯಲ್ಲಿ ಬೆಟ್ಟದ ಕೆಳಗಿನ ಇರುಳಿಗ ಬುಡಕಟ್ಟಿನ ಮುನೆಮ್ಮ ಬೇರಿನ ಕಂತೆ ಹೊತ್ತು ಬರುತ್ತಿದ್ದಳು. ಬಾಯಾರಿಕೆ ಎಂದರೆ ಅಜ್ಜಿ ಅವಳ ಬೊಗಸೆಗೆ ಮೇಲಿನಿಂದ ನೀರು ಹೊಯ್ಯುತ್ತಿದ್ದರು. ಚೊಂಬು ಅವಳಿಗೆ ತಾಕುತ್ತಿರಲಿಲ್ಲ. ಮನೆಯವರಾದರೂ ಎತ್ತಿಯೇ ಕುಡಿಯಬೇಕು, ಕಚ್ಚಿ ಕುಡಿದರೆ ಬೈಗುಳ. ಆ ವರ್ಷ ಅವಳು ತಂದ ಬೇರುಗಳೆಲ್ಲ ಬಲಿತು ನಾರಾಗಿವೆಯೆಂದು ಜಗಳ ತೆಗೆದ ಅಜ್ಜಿ, ತಾವೇ ಆರಿಸಿಕೊಳ್ಳುವುದಾಗಿ ಹಿತ್ತಾಳೆ ಚೊಂಬಿನ ತುಂಬ ನೀರು ಹಿಡಿದು, ನನ್ನನ್ನೂ ಕರೆದುಕೊಂಡು ಅವಳ ಹಿಂದೆ ಬೆಟ್ಟ ಹತ್ತಿದರು.

ಮುನೆಮ್ಮ ಬಂಡೆಗಳ ಸಂದಿಯಲ್ಲಿ ಬೇರು ಬಿಡಿಸಿ, ಅರ್ಧ ಕೊಯ್ದು, ಉಳಿದರ್ಧಕ್ಕೆ ಮತ್ತೆ ಮಣ್ಣು ಮುಚ್ಚುತ್ತಿದ್ದಳು.

"ಪೂರ್ತಿ ಕೀಳೇ, ಯಾರಿಗೆ ಬಚ್ಚಿಡ್ತೀಯ?"

"ನಿಮ್ಮ ಮೊಮ್ಮಗನಿಗೇ ಕಣಮ್ಮ. ಎಲ್ಲಾ ಕಿತ್ರೆ ಮುಂದಕ್ಕೆ ಕಲ್ಲನ್ನೇ ಉಪ್ಪಿನಕಾಯಿ ಹಾಕ್ಕೋತಾನೆ."

ನಾನು ನಗುತ್ತಾ ಒಂದು ಬೇರು ಎಳೆಯಹೋಗಿ ಚೊಂಬನ್ನು ಒದ್ದೆ. ನೀರು ಬಂಡೆಯ ಮೇಲೆ ಹರಿದು, ನೋಡುತ್ತಿದ್ದಂತೆಯೇ ಆರಿಹೋಯಿತು.

ಇಳಿಯುವಾಗ ಅಜ್ಜಿಗೆ ತಲೆ ಸುತ್ತಿತು. ತುಟಿ ಬಿಳಚಿಕೊಂಡು ಬಂಡೆಗೊರಗಿ ಕೂತುಬಿಟ್ಟರು. ನನ್ನಿಂದಲೇ ಆಯಿತೆಂದು ನಾನು ಅಳತೊಡಗಿದೆ.

"ಸುಮ್ಕಿರಪ್ಪ, ಜೇನು ನೋಡಣ" ಎಂದಳು ಮುನೆಮ್ಮ. "ಹೂವಿಗೆ ಹೋಗೋದು ಸುತ್ತಾಡ್ತದೆ. ನೀರಿಗೆ ಹೋಗೋದು ನೆಟ್ಟಗೆ ಹೋಗ್ತದೆ."

ಹುಳುಗಳು ಒಂದರ ಹಿಂದೊಂದು ಇಳಿಯುತ್ತಿದ್ದ ಕಡೆ ಹೋದಳು. ನೆರಳಲ್ಲಿ ಕೈ ತೂರದಷ್ಟು ಸಣ್ಣ ಬಿರುಕು. ಸೆರಗಿನ ತುದಿಯನ್ನು ಕಡ್ಡಿಯಿಂದ ಒಳಕ್ಕೆ ತಳ್ಳಿ, ನೆನೆದದ್ದನ್ನು ಎಳೆದು ಚೊಂಬಿಗೆ ಹಿಂಡಿದಳು. ಎಷ್ಟು ಸಲವೋ. ಕೊನೆಗೆ ಅಜ್ಜಿಯ ಮುಂದೆ ಬಂದು, ಕೊಡಲು ಅಂಜಿ ನಿಂತಳು.

"ನನ್ನ ಸೆರಗಿನ ನೀರಮ್ಮ..."

"ಕೊಡೇ ಇಲ್ಲಿ! ಜೀವ ಹೋಗ್ತಿದ್ರೆ ಪುರಾಣ ಹೇಳ್ತಾಳೆ!"

ಅಜ್ಜಿ ಕಚ್ಚಿ ಕುಡಿದರು. ಉಳಿದದ್ದು ನನಗೆ. ಬೇರಿನ ವಾಸನೆ, ಬೆವರಿನ ವಾಸನೆ. ಅಷ್ಟು ತಂಪಾದ ನೀರನ್ನು ಮತ್ತೆಲ್ಲೂ ಕುಡಿದಿಲ್ಲ. ಬೆಟ್ಟ ಇಳಿದ ಮೇಲೆ ಮುನೆಮ್ಮ ಚೊಂಬನ್ನು ಹಿಂದಿರುಗಿಸಲು ಚಾಚಿದಾಗ ಅಜ್ಜಿ "ನೀನೇ ಇಟ್ಕೊ" ಎಂದರು.

ನಮ್ಮತ್ತೆ, ಅಂದರೆ ಅಜ್ಜಿಯ ಮಗಳು, ಇದನ್ನು ಒಪ್ಪುವುದಿಲ್ಲ. "ಚೊಂಬು ಬೆಟ್ಟದಿಂದ ಉರುಳಿ ಹೋಯ್ತು ಕಣೋ, ಅಮ್ಮನೇ ಹೇಳಿದ್ರು. ಅವರು ಕಚ್ಚಿ ಕುಡಿಯೋದುಂಟಾ!" ಕೇಳೋಣವೆಂದರೆ ಅಜ್ಜಿಯೂ ಇಲ್ಲ, ಮುನೆಮ್ಮನೂ ಇಲ್ಲ.

ಹೋದ ಬೇಸಿಗೆಯಲ್ಲಿ ಮುನೆಮ್ಮನ ಮಗಳ ಮನೆ ಹುಡುಕಿಕೊಂಡು ಹೋದೆ. ಬಂದ ಕಾರಣ ಹೇಳುವ ಮೊದಲೇ ಆಕೆ, "ಬಿಸಿಲಲ್ಲಿ ಬಂದಿದ್ದೀರ, ಮೊದ್ಲು ನೀರು ಕುಡೀರಿ" ಎಂದು ಹಿತ್ತಾಳೆ ಚೊಂಬು ತಂದಿಟ್ಟಳು. ಪಾತ್ರೆ ಅಂಗಡಿಯವನು ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು ತಿಕ್ಕಿ ತಿಕ್ಕಿ ಸವೆದಿತ್ತು. ಬೆರಳಾಡಿಸಿ ಓದಿದೆ. ನಂಜಮ್ಮ. ನಮ್ಮಜ್ಜಿಯ ಹೆಸರು.